ಅಪ್ಪ ಬರೆದುಕೊಟ್ಟ ಅಂಕಿ

ಫೋನಿನೊಳಗೆ ನಕ್ಷೆ ಬರುವುದಕ್ಕೆ ಮುಂಚಿನ ಮಾತು. ಆಗ ದಾರಿ ಗೊತ್ತಿಲ್ಲದಿದ್ದರೆ ಬಸ್ಸಿನ ಕಂಡಕ್ಟರನ್ನೋ ಬೀಡಾ ಅಂಗಡಿಯವನನ್ನೋ ಕೇಳುತ್ತಿದ್ದೆವು. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಚಳಿ ಬಿತ್ತೆಂದರೆ ಪ್ರತಿ ಮನೆಯ ಮುಂದೆ ಅವರೆಕಾಯಿ ಸಿಪ್ಪೆಯ ರಾಶಿ, ಅದನ್ನು ಮೇಯಲು ಬೀದಿ ಹಸುಗಳು. ಬೆರಳಿಗೆ ಹತ್ತಿದ ಸೊಗಡು ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ಶಾಲೆಯ ಪುಸ್ತಕಗಳಿಗೂ ಅದೇ ವಾಸನೆ. ಆ ವಾಸನೆ ಬಂದರೆ ನಿಮಗೆಲ್ಲ ನಿಮ್ಮ ಅಮ್ಮನ ಹಿದುಕಿದ ಬೇಳೆ ಸಾರು ನೆನಪಾಗಬಹುದು. ನನಗೂ ಆಗುತ್ತದೆ. ಆದರೆ ಅದರ ಹಿಂದೆಯೇ ತಲೆ ತಗ್ಗಿಸುವಂಥದ್ದೊಂದು ಬರುತ್ತದೆ.

ನಾನಾಗ ಎಂಟನೇ ಕ್ಲಾಸು. ಅಪ್ಪ ಸರ್ವೆ ಕೆಲಸದಲ್ಲಿ ಬಾಂದು ಜವಾನ. ಜಮೀನು ಅಳೆಯುವಾಗ ಸರಪಳಿ ಹಿಡಿಯುವುದು, ಗಡಿಯ ಬಾಂದು ಕಲ್ಲನ್ನು ಮುಳ್ಳು ಸವರಿ ಹುಡುಕುವುದು, ಕಲ್ಲು ಕಾಣೆಯಾಗಿದ್ದ ಕಡೆ ಹೊಸದನ್ನು ಹೊತ್ತು ತಂದು ನೆಡುವುದು. ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೂ ಅಪ್ಪ ಬರೆದುಕೊಂಡ ಅಳತೆಯಲ್ಲಿ ಒಂದು ಅಂಕಿಯೂ ತಪ್ಪಿದ್ದಿಲ್ಲ ಎಂದು ಸರ್ವೆಯರ್ ಸಾಹೇಬರು ನಮ್ಮ ಜಗುಲಿಯ ಮೇಲೆ ಕಾಫಿ ಕುಡಿಯುತ್ತಾ ಹೇಳಿದ್ದರು. ಅವತ್ತು ಅಪ್ಪ ಸುಮ್ಮಸುಮ್ಮನೆ ಎರಡು ಸಲ ಮೀಸೆ ಒರೆಸಿಕೊಂಡಿದ್ದ.

ಶಾಲೆಯ ಲೈಬ್ರರಿಯ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಜಿಯೋಕ್ಯಾಶಿಂಗ್ ಅನ್ನುವ ಆಟದ ಬಗ್ಗೆ ಓದಿದೆ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶದ ಅಂಕಿ ಕೊಡುತ್ತಾರೆ. ಉಳಿದವರು ಜಿಪಿಎಸ್ ಯಂತ್ರ ಹಿಡಿದು ಹುಡುಕಬೇಕು. ಸಿಕ್ಕರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಮತ್ತೆ ಅಲ್ಲೇ ಇಡಬೇಕು. ಹೊಸದಾಗಿ ಆಡುವವರಿಗೆ ಏನೇನು ಬೇಕೆಂದು ಕೊನೆಯಲ್ಲಿ ಬರೆದಿತ್ತು: ಕೈಯಲ್ಲಿ ಹಿಡಿಯುವ ಯಂತ್ರ, ಕಂಪ್ಯೂಟರಿಗೆ ಜೋಡಿಸುವ ಕೇಬಲ್, ಕಂಪ್ಯೂಟರಿಗೆ ಹೊಂದುವ ಸಾಫ್ಟ್‌ವೇರ್. ಇದರಲ್ಲಿ ಒಂದೂ ನಮ್ಮ ಮನೆಯಲ್ಲಿರಲಿಲ್ಲ. ಆದರೂ ಮಾರನೆಯ ದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ವರ್ಷಾಳಿಗೆ, "ಸಂಕ್ರಾಂತಿ ರಜಕ್ಕೆ ನಾವು ಆಡ್ತೀವಿ, ನೀನೂ ಬಾ" ಅಂದುಬಿಟ್ಟೆ.

ಅಪ್ಪನಿಗೆ ಹೇಳಿದಾಗ ನಕ್ಕ. "ನೆಲದ್ ಮೇಲಿರೋ ಕಲ್ಲು ಹುಡ್ಕಕ್ಕೆ ಆಕಾಶ ನೋಡ್ಬೇಕಾ ಪವಿ? ಒಳ್ಳೆ ಆಟ ಕಣಮ್ಮ ಇದು." ಆಮೇಲೆ, "ಆ ರೋಡ್ ಇಂಜಿನಿಯರ್ ಹತ್ರ ಅಂಥದ್ದೊಂದು ನೋಡಿದೀನಿ" ಅಂದ.

ನಮ್ಮ ಪಕ್ಕದ ಮನೆಯ ಮಹಡಿಯಲ್ಲಿ ರಸ್ತೆ ಕೆಲಸದ ಇಂಜಿನಿಯರೊಬ್ಬರು ಬಾಡಿಗೆಗಿದ್ದರು. ಅವರ ಹಳೆಯ ಹಳದಿ ಯಂತ್ರ ಎರವಲು ಬಂತು. ಮೂಲೆ ಒಡೆದಿತ್ತು, ಪರದೆಯ ಮೇಲೆ ಗೀರುಗಳು. ಜೊತೆಗೆ ಒಂದು ಸಿಡಿ, ಒಂದು ಕೇಬಲ್. ಕೇಬಲಿನ ತುದಿಯಲ್ಲಿ ಒಂಬತ್ತು ತೂತು. ಬಿ.ಬಿ. ರಸ್ತೆಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ಸಾದಿಕಣ್ಣ ಅದನ್ನು ತಿರುಗಿಸಿ ನೋಡಿ ಅಪ್ಪನಿಗೆ, "ಇದು ನಮ್ಮಪ್ಪನ ಕಾಲದ್ದು ಕಣಣ್ಣ, ನನ್ನ ಸಿಸ್ಟಮ್‌ಗೆ ಚಪ್ಪಟೆ ಪಿನ್ನೇ ಆಗ್ಬೇಕು" ಅಂದ. ಸಿಡಿ ಹಾಕಿದರೆ ಅದೂ ಕೂರಲಿಲ್ಲ. "ಹಳೇ ವಿಂಡೋಸ್ ಇರೋ ಡಬ್ಬ ಒಂದು ಮೂಲೇಲಿ ಬಿದ್ದೈತೆ, ಅದನ್ನ ಎಬ್ಬಿಸ್ತೀನಿ. ಅದ್ರಲ್ಲೂ ಒಂಬತ್ತು ಪಿನ್ನಿನ ಜಾಗ ಕೆಟ್ಟೋಗೈತೆ, ಈ ತೂತನ್ನ ಚಪ್ಪಟೆ ಪಿನ್ನಿಗೆ ಸೇರ್ಸೋ ಕನೆಕ್ಟರ್ ಮಾತ್ರ ನೀವೇ ತರ್ಬೇಕು."

ಅಪ್ಪ ಅದರ ಹೆಸರನ್ನು ಚೀಟಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡ. ಅಳತೆಗೆಂದು ಯಾವ ಊರಿಗೆ ಹೋದರೂ ಕಂಪ್ಯೂಟರ್ ಅಂಗಡಿ ಹೊಕ್ಕು ಬರುತ್ತಿದ್ದ. ಸಂಜೆ ನಾವು ಮೂವರೂ ನೆನೆಹಾಕಿದ ಅವರೆಕಾಳು ಹಿದುಕುತ್ತಾ ಕೂತಾಗ ವರದಿ ಒಪ್ಪಿಸುತ್ತಿದ್ದ. ಶಿಡ್ಲಘಟ್ಟದಲ್ಲಿ ಇಲ್ಲ. ಚಿಂತಾಮಣಿಯಲ್ಲಿ ಒಬ್ಬ ಪ್ರಿಂಟರಿನ ವೈರು ಕೊಡಲು ಬಂದ. "ನಾನು ಪಿನ್ನು ಎಣಿಸ್ದೆ. ಒಂಬತ್ತಿಲ್ಲ. ಬ್ಯಾಡ ಅಂದೆ." ಅಮ್ಮ ಕಾಳು ಒತ್ತಿದರೆ ಬೇಳೆ ಹಾರಿ ಅಪ್ಪನ ಹಣೆಗೆ ಬಡಿಯುತ್ತಿತ್ತು. "ಮಗಳ ಆಟಕ್ಕೆ ನಾಲ್ಕು ತಾಲ್ಲೂಕು ಸುತ್ತಿದ್ರಿ, ನಂಗೊಂದು ಒಳ್ಳೇ ಈಳಿಗೆಮಣೆ ತರಕ್ಕಾಗ್ಲಿಲ್ಲ" ಎಂದು ಅಮ್ಮ ಚುಚ್ಚುತ್ತಿದ್ದಳು. ಕೊನೆಗೆ ಅದು ಸಿಕ್ಕಿದ್ದು ಗೌರಿಬಿದನೂರಿನಲ್ಲಿ, ಲಾರಿ ತೂಕದ ವೇಬ್ರಿಡ್ಜ್ ರಿಪೇರಿ ಮಾಡುವವನ ಹತ್ತಿರ. ಅಪ್ಪ ಅದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ.

ಸಾದಿಕಣ್ಣನ ಹಳೇ ಡಬ್ಬದಲ್ಲಿ ಎಲ್ಲ ಕೂಡಿಬಂತು. ಯಂತ್ರದ ಹೆಸರು ಪರದೆಯ ಮೇಲೆ ಮೂಡಿದಾಗ ಅಪ್ಪ ಕುರ್ಚಿಯ ಹಿಂದೆ ನಿಂತಿದ್ದವನು, "ಬಂತಾ? ಬಂತಾ?" ಎಂದು ಕೇಳಿ ನನ್ನ ತಲೆ ಮುಟ್ಟಿದ.

ಡಬ್ಬಿ ಬಚ್ಚಿಡುವ ಕೆಲಸ ಅಪ್ಪನದು. ಗೌರಿಬಿದನೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್ ಆಚೆ, ಒಂದು ಗುಡ್ಡದ ಬುಡದಲ್ಲಿ ಬಾಂದು ಕಲ್ಲಿತ್ತು. ಅದರ ಪಕ್ಕ ಒಂದಕ್ಕೊಂದು ಒರಗಿದ ಎರಡು ಬಂಡೆಗಳ ಸಂದಿಯಲ್ಲಿ ತನ್ನ ಹಳೆಯ ಊಟದ ಡಬ್ಬಿ ಇಟ್ಟು ಬಂದ. ಒಳಗೆ ನೋಟ್‌ಬುಕ್ಕು, ಪೆನ್ಸಿಲು, ಇನ್ನೂ ಏನೋ ಇತ್ತು. "ಏನಿದೆ ಹೇಳಪ್ಪ" ಅಂದರೆ, "ಹೇಳ್ಬಿಟ್ರೆ ಆಟ ಎಲ್ಲಿ ಉಳೀತು? ಮೊದಲ್ನೇ ಹೆಸರು ನಿಂದೇ ಬರೀಬೇಕು ನೋಡು." ಯಂತ್ರ ತೋರಿಸಿದ ಅಂಕಿಯನ್ನು ಚೀಟಿಯಲ್ಲಿ ದುಂಡಗೆ ಬರೆದುಕೊಟ್ಟ.

ಆ ಅಂಕಿಯನ್ನು ಇದ್ದ ಹಾಗೇ ಯಂತ್ರಕ್ಕೆ ಒತ್ತಿದ್ದರೆ ಆಗಿತ್ತು. ಆದರೆ ನನಗೆ ಅದು ಕಂಪ್ಯೂಟರಿನಿಂದ ಕೇಬಲಿನ ಮೂಲಕವೇ ಹೋಗಬೇಕು, ವರ್ಷಾಳಿಗೆ ಅದನ್ನೇ ಹೇಳಿಕೊಳ್ಳಬೇಕು. ಸಾಫ್ಟ್‌ವೇರಿನಲ್ಲಿ ಡಿಗ್ರಿಗೊಂದು, ನಿಮಿಷಕ್ಕೊಂದು, ಸೆಕೆಂಡಿಗೊಂದು ಖಾನೆ. ಚೀಟಿಯಲ್ಲಿ ೨೮.೫೧೨ ನಿಮಿಷ ಎಂದಿತ್ತು. ನಾನು ನಿಮಿಷದ ಖಾನೆಗೆ ೨೮, ಸೆಕೆಂಡಿನ ಖಾನೆಗೆ ೫೧.೨ ತುಂಬಿದೆ. ರೇಖಾಂಶಕ್ಕೂ ಹಾಗೆಯೇ ಮಾಡಿದೆ.

ಭಾನುವಾರ ವರ್ಷಾ, ಅವಳ ಇಬ್ಬರು ಗೆಳತಿಯರು, ನಾನು, ನಾಲ್ಕು ಸೈಕಲ್ಲು. ಯಂತ್ರದ ಬಾಣ ನಮ್ಮನ್ನು ರಸ್ತೆ ಬಿಡಿಸಿ, ರಾಗಿ ಕೊಯ್ದ ಹೊಲಗಳ ಕೂಳೆ ತುಳಿಸಿ, ಒಂದು ದ್ರಾಕ್ಷಿ ತೋಟದ ಬೇಲಿಗೆ ತಂದು ನಿಲ್ಲಿಸಿತು. ಬಂಡೆ ಇಲ್ಲ, ಬಾಂದು ಕಲ್ಲಿಲ್ಲ. ಜಾಲಿಮುಳ್ಳು, ಕೊಳೆತ ದ್ರಾಕ್ಷಿಯ ಹುಳಿ ವಾಸನೆ, ನೊಣ. ಒಂದು ಗಂಟೆ ಹುಡುಕಿದೆವು. ವರ್ಷಾಳ ಹೊಸ ಚೂಡಿದಾರ ಮುಳ್ಳಿಗೆ ಸಿಕ್ಕಿ ಹರಿಯಿತು.

"ನಿಮ್ಮಪ್ಪ ಜಮೀನು ಅಳೆಯೋದೂ ಹಿಂಗೇನಾ?" ಅಂದಳು. ಇನ್ನಿಬ್ಬರು ಕಿಸಕ್ಕೆಂದರು.

ನನ್ನ ಕಿವಿ ಬಿಸಿಯಾಯಿತು. "ನಮ್ಮಪ್ಪ ಅಳೆಯೋದಿಲ್ಲ ಕಣೇ, ಕಲ್ಲು ಹೊರೋದಷ್ಟೆ. ಕಲ್ಲು ಹೊರೋರಿಗೆ ಇದೆಲ್ಲ ಎಲ್ಲಿ ಬರತ್ತೆ?" ಅಂದೆ.

ಹಿಂದೆ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಅಪ್ಪ. ಗುಡ್ಡದ ಹತ್ತಿರ ಕಾದು, ನಾವು ಬಾರದ್ದು ಕಂಡು ಹುಡುಕಿಕೊಂಡು ಬಂದಿದ್ದ. ಹ್ಯಾಂಡಲಿಗೆ ನಾಲ್ಕು ಕಬ್ಬಿನ ತುಂಡು ಕಟ್ಟಿತ್ತು. ಕೇಳಿಸಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಕ್ಷಣ ಆ ಕಡೆ ಈ ಕಡೆ ನೋಡಿ, "ಅಯ್ಯೋ, ನಂದೇ ತಪ್ಪು ಕಣ್ರಮ್ಮ" ಅಂದ, ಆ ಹುಡುಗಿಯರಿಗೆ. "ನಂಬರ್ ತಪ್ಪು ಬರ್ಕೊಂಡ್ಬಿಟ್ಟಿದೀನಿ. ಪವಿದೇನೂ ತಪ್ಪಿಲ್ಲ. ಬನ್ನಿ, ಡಬ್ಬಿ ತೋರುಸ್ತೀನಿ."

"ಏನೂ ಬೇಡ" ಎಂದು ನಾನು ಸೈಕಲ್ ತಿರುಗಿಸಿದೆ. ಕಬ್ಬನ್ನು ಯಾರೂ ಮುಟ್ಟಲಿಲ್ಲ.

ಮೂರು ದಿನ ಕಳೆದು, ಭೂಗೋಳದ ಪಾಠ ಓದುವಾಗ ಗೊತ್ತಾಯಿತು. ನಿಮಿಷದ ಮುಂದೆ ಚುಕ್ಕೆ ಇಟ್ಟು ಬರೆದದ್ದು ಸೆಕೆಂಡಲ್ಲ, ನಿಮಿಷದ ಭಾಗ. ಚುಕ್ಕೆಯಾಚೆಯ ೫೧೨ ಎಂದರೆ ಅರ್ಧ ನಿಮಿಷ, ಅಂದರೆ ಸುಮಾರು ಮೂವತ್ತು ಸೆಕೆಂಡು; ನಾನು ತುಂಬಿದ್ದು ಐವತ್ತೊಂದು. ಮುಕ್ಕಾಲು ಕಿಲೋಮೀಟರ್ ಆಚೆಗೆ ಎಳೆದುಕೊಂಡು ಹೋಗಿದ್ದು ನಾನು. ಅಪ್ಪನ ಅಂಕಿ ಸರಿಯಾಗಿತ್ತು.

ಹೇಳಲಿಲ್ಲ. ಆ ಸಂಜೆ ಅಪ್ಪ, "ಆ ಚೀಟಿ ಎಲ್ಲಮ್ಮ? ಎಲ್ಲಿ ತಪ್ಪಿದೆ ಅಂತ ಒಂದ್ಸಲ ನೋಡ್ತೀನಿ" ಎಂದು ಕೇಳಿದ. "ಕಳೆದೋಯ್ತು" ಅಂದೆ. ಚೀಟಿ ನನ್ನ ಜಾಮಿಟ್ರಿ ಬಾಕ್ಸಿನ ತಳದಲ್ಲಿತ್ತು. ಅಷ್ಟರಲ್ಲಿ ರಸ್ತೆ ಕೆಲಸ ಮುಗಿದು ಇಂಜಿನಿಯರು ಯಂತ್ರ ವಾಪಸು ತೆಗೆದುಕೊಂಡು ಹೋದರು. ಅಪ್ಪ ಆ ಬೇಸಿಗೆಯೆಲ್ಲ, "ಒಂದ್ಸಲ ಹೋಗಣ ಬಾ, ಡಬ್ಬಿ ಅಲ್ಲೇ ಐತೆ, ನೀನೇ ತೆಗೀಬೇಕು" ಎಂದು ಕರೆದ. ನಾನು ಪ್ರತಿ ಸಲ ಒಂದು ನೆಪ ಹೇಳಿದೆ. ಆಮೇಲೆ ಕರೆಯುವುದನ್ನು ಬಿಟ್ಟ.

ಇಷ್ಟೇ ಆಗಿದ್ದರೆ ಮಕ್ಕಳಾಟ ಎಂದು ಮರೆಯಬಹುದಿತ್ತು. ಆದರೆ ಅಪ್ಪ ಬದಲಾದ. ಅಳತೆ ಬರೆದ ಮೇಲೆ, "ಒಂದ್ಸಲ ನೋಡ್ಬಿಡಿ ಸಾರ್, ನಂದು ತಪ್ಪಿರತ್ತೆ" ಎಂದು ಸಾಹೇಬರ ಮುಂದೆ ಹಿಡಿಯುತ್ತಿದ್ದನಂತೆ. ಅವರೇ ಬಂದು ಅಮ್ಮನಿಗೆ ಹೇಳಿದರು. ಗ್ಯಾಸ್ ಬುಕ್ ಮಾಡಲು ನಂಬರ್ ಓದಬೇಕಾದರೂ ಅಮ್ಮನನ್ನು ಕರೆಯುತ್ತಿದ್ದ. ಮನೆಯಲ್ಲಿ ಅದೊಂದು ತಮಾಷೆಯಾಯಿತು. ಅಮ್ಮ ನಗುತ್ತಿದ್ದಳು, ಅಪ್ಪನೂ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಹೋದ ವರ್ಷ ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಾಗ ನರ್ಸು ಫೋನ್ ನಂಬರ್ ಕೇಳಿದಳು. ಅಪ್ಪ ನಾಲ್ಕು ಅಂಕಿ ಹೇಳಿ ನಿಲ್ಲಿಸಿದ. ನಾಲ್ಕೂ ಸರಿಯಿದ್ದವು. ನನ್ನ ಕಡೆ ತಿರುಗಿ, "ನೀನೇ ಹೇಳಮ್ಮ, ನಾನು ತಪ್ಪು ಹೇಳ್ಬಿಡ್ತೀನಿ" ಅಂದ. ಆಗಲಾದರೂ ಹೇಳಬಹುದಿತ್ತು. ಫೋನ್ ನಂಬರ್ ಹೇಳಿದೆ. ಹನ್ನೆರಡನೆಯ ದಿನ ಅಪ್ಪ ಇರಲಿಲ್ಲ.

ಈ ವರ್ಷ ಅವರೆಕಾಯಿ ಬಂದಾಗ ಆ ಚೀಟಿ ತೆಗೆದುಕೊಂಡು ಹೊರಟೆ. ಈಗ ಯಂತ್ರ ಬೇಡ, ಕೇಬಲ್ ಬೇಡ. ಕೈಯಲ್ಲಿರುವ ಫೋನಿಗೆ ಅಂಕಿಯನ್ನು ಇದ್ದ ಹಾಗೇ ಒತ್ತಿದೆ. ರಸ್ತೆ ಅಗಲವಾಗಿದೆ, ಜಲ್ಲಿ ತುಂಬಿದ ಟಿಪ್ಪರುಗಳ ಧೂಳು. ಬಾಂದು ಕಲ್ಲು ಸಿಕ್ಕಿತು. ತಲೆಯ ಮೇಲಿನ ಕೂಡು ಗುರುತು ಇನ್ನೂ ಸವೆದಿಲ್ಲ. ಫೋನು, ಇನ್ನು ಹನ್ನೊಂದು ಮೀಟರ್ ಮುಂದೆ ಎಂದು ತೋರಿಸಿತು. ಎರಡು ಹೆಜ್ಜೆಯ ಮುಂದೆ ನೆಲವಿರಲಿಲ್ಲ. ಗುಡ್ಡವೂ ಇರಲಿಲ್ಲ. ಕ್ವಾರಿಯ ಗುಂಡಿ, ತಳದಲ್ಲಿ ಹಸಿರು ನೀರು. ಎರಡು ಬಂಡೆ ಒರಗಿದ್ದ ಜಾಗದಲ್ಲಿ ಬರೀ ಗಾಳಿ. ಡಬ್ಬಿಯಲ್ಲಿ ಇನ್ನೇನಿತ್ತೋ ನನಗೆ ಇನ್ನು ಗೊತ್ತಾಗುವುದಿಲ್ಲ.

ಕಾವಲಿನ ಮುದುಕರೊಬ್ಬರು ಶಿಳ್ಳೆ ಹಾಕುತ್ತಾ ಓಡಿಬಂದರು. "ಏಮ್ಮಾ, ಹಿಂದಕ್ಕ್ ಬಾ, ಅಂಚು ಕುಸೀತೈತೆ! ಏನ್ ಕಳ್ಕೊಂಡೆ ಅಲ್ಲಿ?"

"ಏನಿಲ್ಲ ತಾತ. ನಮ್ಮಪ್ಪ ಬರೆದ ನಂಬರ್ ಒಂದು ಸರಿಯಿದೆಯಾ ಅಂತ ನೋಡಕ್ಕೆ ಬಂದಿದ್ದೆ."

"ಸರಿಯಾಗೈತಾ?"

"ಸರಿಯಾಗಿದೆ" ಅಂದೆ.

ಹದಿನೈದು ವರ್ಷಕ್ಕೂ ಮೇಲಾಯಿತು. ಅಪ್ಪನಿಗೆ ಹೇಳಬೇಕಾಗಿದ್ದ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಹೆಸರೂ ಗೊತ್ತಿಲ್ಲದ ಆ ತಾತನಿಗೆ.