ಬೆರಿಲ್‌ಳ ಮೂಗು ಮತ್ತು ಗ್ರೀಕ್ ಶನಿವಾರಗಳು

ಹ್ಯಾಗ್‌ಡೆನ್ ಊರಿನಲ್ಲಿ ಬೆರಿಲ್ ಹವರ್ತ್‌ಳ ಮೂಗಿಗಿದ್ದ ಮರ್ಯಾದೆ ಅಲ್ಲಿನ ಮೇಯರ್‌ಗೂ ಇರಲಿಲ್ಲ. ನೋಡಲು ಅದೇನು ಘನವಾದ ಮೂಗಲ್ಲ. ಚಳಿಗೆ ತುದಿ ಕೆಂಪಗಾಗುವ ಸಾಧಾರಣ ಲ್ಯಾಂಕಾಶೈರ್ ಮೂಗು. ಆದರೆ ಪಬ್ಬಿನ ಬಾಗಿಲು ದಾಟಿ ಬಂದವನು ಗಿರಾಕಿಯೋ ಗೂಢಚಾರನೋ ಎಂಬುದನ್ನು ಅವನು ಕೋಟು ಬಿಚ್ಚುವುದರೊಳಗೆ ಹೇಳಿಬಿಡುತ್ತಿತ್ತು.

ಟೀವಿ ಕಂಪನಿಯವರು ಕಳಿಸುವ ಗೂಢಚಾರರಿಗೆ ಅಲ್ಲಿ ಕೆಲಸವೂ ಇತ್ತು. ಶನಿವಾರ ಮಧ್ಯಾಹ್ನ ಮೂರಕ್ಕೆ ಇಂಗ್ಲೆಂಡಿನ ತುಂಬ ಫುಟ್‌ಬಾಲ್ ನಡೆಯುತ್ತದೆ, ಆದರೆ ಇಂಗ್ಲೆಂಡಿನ ಯಾವ ಟೀವಿಯೂ ಅದನ್ನು ತೋರಿಸುವಂತಿಲ್ಲ. ಜನ ಸೋಫಾ ಬಿಟ್ಟೆದ್ದು ಮೈದಾನಕ್ಕೆ ಹೋಗಲಿ ಎಂದು ದೊಡ್ಡವರು ಮಾಡಿದ ಕಟ್ಟಳೆ. ಗ್ರೀಸ್ ದೇಶದವರಿಗೆ ಈ ಕಟ್ಟಳೆಯಿಲ್ಲ; ಅವರು ಅಥೆನ್ಸಿನಲ್ಲಿ ಕಾಲು ಚಾಚಿಕೊಂಡು ಅದೇ ಆಟವನ್ನು ನೋಡುತ್ತಾರೆ. ಹೀಗಾಗಿ ಹ್ಯಾಗ್‌ಡೆನ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಮೈದಾನದಲ್ಲಿ ಒದೆಸಿಕೊಂಡ ಚೆಂಡು ಅಥೆನ್ಸಿಗೆ ಹೋಗಿ, ಗ್ರೀಕ್ ಕಲಿತು, ಆಕಾಶ ಸುತ್ತಿ ಬಂದು ಬೆರಿಲ್‌ಳ ಕಲ್ಲಿದ್ದಲ ಶೆಡ್ಡಿನ ಮೇಲಿದ್ದ ಡಿಶ್ಶಿಗೆ ಬೀಳುತ್ತಿತ್ತು. ಡಿಶ್ಶನ್ನೂ ಡಬ್ಬಿಯನ್ನೂ ಕಾರ್ ಪಾರ್ಕಿನಲ್ಲಿ ಮಾರಿದವನು ಹೆಸರು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಪಬ್ಬಿನ ಹೆಸರು ಶಟಲ್. ಬ್ಯಾಡ್ಮಿಂಟನ್ನಿನ ಪುಕ್ಕದ ಚೆಂಡಲ್ಲ, ಮಗ್ಗದ ಲಾಳಿ. ಬೆರಿಲ್‌ಳ ಅಜ್ಜಿ, ತಾಯಿ ಇಬ್ಬರೂ ಆ ಲಾಳಿಯ ಸದ್ದಿಗೆ ಕಿವಿ ಕೊಟ್ಟು ಕಿವುಡಾದವರು. ಬೆರಿಲ್ ಕೂಡ ಹುಡುಗಿಯಾಗಿದ್ದಾಗಲೇ ಗಿರಣಿಗೆ ಸೇರಿದಳು. ಅಲ್ಲಿ ಕೂಗಿದರೂ ಕೇಳಿಸದು. ಹೆಂಗಸರು ಒಬ್ಬರ ತುಟಿ ಒಬ್ಬರು ಓದಿಯೇ ಇಡೀ ಊರಿನ ಸಂಸಾರಗಳನ್ನು ಹರಡಿ, ಒಗೆದು, ಹಿಂಡಿಹಾಕುತ್ತಿದ್ದರು. ಗಿರಣಿ ಮುಚ್ಚಿದಾಗ ಉಳಿದದ್ದು ಅರ್ಧ ಕಿವಿ ಮತ್ತು ಆ ತುಟಿಯೋದುವ ವಿದ್ಯೆ. ಗಂಡ ಹೆರಾಲ್ಡ್‌ನೊಡನೆ ಪಬ್ ಹಿಡಿದ ಮೇಲೂ ಅದು ಕೈಬಿಡಲಿಲ್ಲ. ಮೂಲೆಯ ಮೇಜಿನಲ್ಲಿ ಗಿರಾಕಿ ಪಿಸುಗುಟ್ಟಿ ಮುಗಿಸುವುದರೊಳಗೆ ಇವಳು ಬಿಯರ್ ತುಂಬಿಸಿರುತ್ತಿದ್ದಳು.

ಹೆರಾಲ್ಡ್ ಸಾಯುವಾಗ ಹೇಳಿದ್ದು ಒಂದೇ ಮಾತು, ಅದನ್ನೂ ಅವಳು ತುಟಿಯಿಂದಲೇ ಓದಿದ್ದಳು: "ಶನಿವಾರ ಬಾಗಿಲು ಹಾಕ್ಬೇಡ ಕಣೇ."

ಅದನ್ನು ಪಾಲಿಸುವುದು ಸುಲಭವಿರಲಿಲ್ಲ. ಫುಟ್‌ಬಾಲ್ ಇಲ್ಲದ ಶನಿವಾರ ಪಬ್ಬಿನಲ್ಲಿ ನೊಣವೂ ಕೂರುತ್ತಿರಲಿಲ್ಲ. ಕಟ್ಟಡದ ಒಡೆಯರಾದ ಬಿಯರ್ ಕಂಪನಿಯವರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: ಕಳ್ಳ ಪ್ರಸಾರ ತೋರಿಸಿ ಕೋರ್ಟಿನಲ್ಲಿ ತಪ್ಪು ಸಾಬೀತಾದರೆ ಅದೇ ದಿನ ಬೀಗದಕೈ ವಾಪಸ್. ಅಂದರೆ ಒಬ್ಬನೇ ಒಬ್ಬ ಗೂಢಚಾರ ಒಳಗೆ ಬಂದು ಕೂತರೆ ಹೆರಾಲ್ಡ್‌ನ ಪಬ್ ಹೋಯಿತು.

ಆದ್ದರಿಂದ ಶನಿವಾರಗಳಂದು ಶಟಲ್ ಪಬ್ಬಲ್ಲ, ಕೋಟೆ. ಸೇನಾಧಿಪತಿ ಅರ್ನಾಲ್ಡ್ ಪಿಕಪ್, ನಿವೃತ್ತ ಬಸ್ ಡ್ರೈವರ್. ಅವನ ಟೋಪಿಯ ಕೆಳಗೆ ಬೋಳು ತಲೆಯ ಜೊತೆಗೆ ಟೀವಿಯ ರಿಮೋಟೂ ಇರುತ್ತಿತ್ತು. ಬೆರಿಲ್ ಉಂಗುರದಿಂದ ಬಿಯರ್ ನಲ್ಲಿಯನ್ನು ಎರಡು ಸಲ ಟಣ್ ಟಣ್ ಎನಿಸಿದರೆ ಅರ್ನಾಲ್ಡ್ ಗೌರವದಿಂದ ಟೋಪಿ ತೆಗೆಯುತ್ತಿದ್ದ, ಪರದೆಯ ಮೇಲೆ ಕುದುರೆಗಳು ಓಡುತ್ತಿದ್ದವು. ಇಡೀ ಪಬ್ ತಾನು ಹುಟ್ಟಿದಾಗಿನಿಂದ ಕುದುರೆಗಳನ್ನೇ ನೋಡುತ್ತಿದ್ದಂತೆ ನಿಟ್ಟುಸಿರು ಬಿಡುತ್ತಿತ್ತು.

ಗೂಢಚಾರನ ಲಕ್ಷಣಗಳು ಮಗುವಿಗೂ ಬಾಯಿಪಾಠ. ಟೈ ಕಟ್ಟಿರುತ್ತಾನೆ. ಅರ್ಧ ಪೈಂಟ್ ಬಿಯರ್ ತೆಗೆದುಕೊಂಡು ಅದನ್ನೇ ಗಂಟೆಗಟ್ಟಲೆ ಸಾಕುತ್ತಾನೆ. ಚೆಂಡು ನೋಡುವುದಿಲ್ಲ, ಯಾವ ಚಾನೆಲ್ಲೆಂದು ತಿಳಿಯಲು ಪರದೆಯ ಅಂಚು ನೋಡುತ್ತಾನೆ.

ಗ್ರೀಕ್ ಭಾಷೆ ಯಾರಿಗೂ ಬರುತ್ತಿರಲಿಲ್ಲ, ಆದರೆ ವೀಕ್ಷಕ ವಿವರಣೆಕಾರ ಎಲ್ಲರಿಗೂ ನೆಂಟನಾಗಿದ್ದ. ಚೆಂಡು ಗೋಲುಕಂಬಕ್ಕೆ ಬಡಿದು ಹಿಂದಕ್ಕೆ ಸಿಡಿದರೆ ಅವನು "ದೊಕಾರೀ!" ಎಂದು ಗೋಳಾಡುತ್ತಿದ್ದ, ಪಬ್ಬಿಗೆ ಪಬ್ಬೇ "ದೊಕಾರೀ!" ಎಂದು ತಲೆ ಮೇಲೆ ಕೈ ಹೊರುತ್ತಿತ್ತು. ಅನ್ಯಾಯ ಕಂಡರೆ "ಪೊ ಪೊ ಪೊ!" ಎನ್ನುತ್ತಿದ್ದ. ಅರ್ನಾಲ್ಡ್ ಅದನ್ನು ಹೆಂಡತಿಯ ಅಡುಗೆಯ ಮುಂದೆಯೂ ಬಳಸಲು ಹೋಗಿ ಊಟ ಕಳೆದುಕೊಂಡಿದ್ದ.

ಒಂದು ನವೆಂಬರ್ ಶನಿವಾರ ಆ ಮುದುಕ ಬಂದ. ಬೂದುಬಣ್ಣದ ಕೋಟು, ನೀಟಾಗಿ ಕಟ್ಟಿದ ಟೈ. ಬೆರಿಲ್ ನೆಲಮಾಳಿಗೆಗೆ ಪೀಪಾಯಿ ಬದಲಿಸಲು ಇಳಿದಿದ್ದಳು. ಮೇಲೆ ಬರುವಷ್ಟರಲ್ಲಿ ಅವನು ಕೂತು, ಅರ್ಧ ಪೈಂಟ್ ಮುಂದಿಟ್ಟುಕೊಂಡು, ಪರದೆಯ ಕೆಳಗಂಚಿನಲ್ಲಿ ಹರಿಯುವ ಗ್ರೀಕ್ ಅಕ್ಷರಗಳನ್ನೇ ನೋಡುತ್ತಿದ್ದ. ಆಮೇಲೆ ಕಣ್ಣನ್ನೂ ಮುಚ್ಚಿದ. ಫುಟ್‌ಬಾಲ್ ನಡೆಯುವಾಗ ಕಣ್ಣು ಮುಚ್ಚುವ ಗಂಡಸನ್ನು ಹ್ಯಾಗ್‌ಡೆನ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಟಣ್ ಟಣ್. ಟೋಪಿ. ಕುದುರೆಗಳು.

ಮುದುಕ ಬೆಚ್ಚಿ ಕಣ್ಣು ಬಿಟ್ಟ. ಸ್ವಲ್ಪ ಹೊತ್ತು ಕಾದು ಬಾರಿನ ಹತ್ತಿರ ಬಂದ.

"ಮೇಡಂ, ಅದನ್ನೇ ಮತ್ತೆ ಹಾಕ್ತೀರಾ? ಆ ಗ್ರೀಕ್ ಭಾಷೇದು?"

"ಗ್ರೀಕಾ?" ಬೆರಿಲ್ ಕಣ್ಣರಳಿಸಿದಳು. "ಇಲ್ಲಿ ಗ್ರೀಕ್ ಯಾರಿಗೆ ಬರುತ್ತೆ ಚಿನ್ನ? ಈ ಅರ್ನಾಲ್ಡ್‌ಗೆ ಇಂಗ್ಲಿಷೇ ಸರಿಯಾಗಿ ಬರಲ್ಲ."

"ಈಗ ಇತ್ತಲ್ಲ... ನಾನು ಕೇಳಿದೆ..."

"ಕುದುರೆ ಕೆನೆದಿದ್ದು ಕೇಳಿಸಿರ್ಬೇಕು," ಎಂದ ಅರ್ನಾಲ್ಡ್.

ಪಬ್ ನಕ್ಕಿತು. ಮುದುಕ ಬಿಯರ್ ಮುಗಿಸಿ, ಗ್ಲಾಸನ್ನು ತಾನೇ ತಂದು ಬಾರಿನ ಮೇಲಿಟ್ಟು ಹೊರಟುಹೋದ.

"ಅವನ ಮಾತಿನ ಧಾಟಿ ಗಮನಿಸಿದ್ಯಾ ಯಜಮಾನ್ತಿ?" ಅರ್ನಾಲ್ಡ್ ದನಿ ತಗ್ಗಿಸಿದ. "ನಮ್ಮ ಕಡೆಯವನಲ್ಲ."

"ಲಂಡನ್ನಿನವನಾ?"

"ಅದಕ್ಕಿಂತ ಕಡೆ. ನಮ್ಮ ಹಳೇ ವೈರಿ, ಯಾರ್ಕ್‌ಶೈರ್."

ಮುಂದಿನ ಶನಿವಾರವೂ ಬಂದ, ಅದರ ಮುಂದಿನ ವಾರವೂ ಬಂದ. ಬಂದಾಗಲೆಲ್ಲ ಕುದುರೆಗಳು ಓಡಿದವು. ಆಮೇಲೆ ಅವನು ಒಳಗೆ ಬರುವುದನ್ನು ಬಿಟ್ಟ. ಬೆರಿಲ್‌ಳ ಮೂಗು ಗೆದ್ದಿತೆಂದು ಪಬ್ ಸಂಭ್ರಮಿಸುತ್ತಿದ್ದ ಹೊತ್ತಿನಲ್ಲಿ, ಮುದ್ದೆಯಂತೆ ಬೆಂದ ಬಟಾಣಿ ಬಡಿಸಲು ಅಡುಗೆಮನೆಗೆ ಹೋದ ಬೆರಿಲ್ ಕಿಟಕಿಯಿಂದ ಹೊರಗೆ ನೋಡಿದಳು. ಹಿತ್ತಲ ಗೋಡೆಯಲ್ಲಿ ಹೊಗೆ ಹೋಗುವ ಕಂಡಿಯಿತ್ತು. ಟೀವಿಯ ಸದ್ದು ಅಲ್ಲಿಂದ ಹೊರಗೆ ಸೋರುತ್ತಿತ್ತು. ಅದರ ಕೆಳಗೆ, ಜಿನುಗು ಮಳೆಯಲ್ಲಿ, ಅದೇ ಬೂದು ಕೋಟು ನಿಂತಿತ್ತು. ಮುದುಕ ತಲೆ ಓರೆಮಾಡಿ ಕೇಳಿಸಿಕೊಳ್ಳುತ್ತಿದ್ದ. ಅವನ ತುಟಿಗಳು ಎಡೆಬಿಡದೆ ಆಡುತ್ತಿದ್ದವು.

ಬೆರಿಲ್ ಆ ತುಟಿ ಓದಲು ನೋಡಿದಳು. ಒಂದಕ್ಷರವೂ ಸಿಗಲಿಲ್ಲ. ಜೀವಮಾನದಲ್ಲಿ ಅವಳಿಗೆ ದಕ್ಕದ ತುಟಿ ಅದೊಂದೇ. ಓದಲಾಗದಂತೆ ಮಾತಾಡುವವನು ಯಾರು? ಗುಟ್ಟಿನ ಮಾತಾಡುವವನು. ಯಾರ ಜೊತೆ? ಅಲ್ಲಿ ಯಾರೂ ಇಲ್ಲ. ಅಂದರೆ ಕೋಟಿನ ಕಾಲರಿನಲ್ಲಿ ಯಂತ್ರವಿದೆ.

"ಸಾಕ್ಷಿ ರೆಕಾರ್ಡ್ ಮಾಡ್ತಿದಾನೆ!" ಎನ್ನುತ್ತ ಅವಳು ಬಾರಿಗೆ ಓಡಿಬಂದಳು. "ಅರ್ನಾಲ್ಡ್, ಸದ್ದು ತೆಗಿ. ಪೂರ್ತಿ ತೆಗಿ."

"ಸದ್ದಿಲ್ದೆ ಆಟಾನಾ ಯಜಮಾನ್ತಿ?"

"ಸದ್ದು ಯಾರಿಗೆ ಬೇಕು? ಕಣ್ಣಿಲ್ವಾ? ಸದ್ದಿದ್ದೂ ಕೇಳಿಸದೇ ನಾನು ಅಷ್ಟು ವರ್ಷ ಬಟ್ಟೆ ನೇಯ್ಲಿಲ್ವಾ?"

ಅವಳು ಅಷ್ಟಕ್ಕೇ ಬಿಡಲಿಲ್ಲ. ಬಾರ್ ಒರೆಸುವ ದೊಡ್ಡ ಟವೆಲೊಂದನ್ನು ಸುರುಳಿ ಸುತ್ತಿ ಹೊಗೆಕಂಡಿಗೆ ತುರುಕಿದಳು. ಅಡುಗೆಮನೆಯ ತುಂಬ ಹೊಗೆಯಾಯಿತು, ಒಲೆಯಲ್ಲಿ ಬೇಯುತ್ತಿದ್ದ ಪೈಗಳ ವಾಸನೆ ಕಿಟಕಿಯ ಪರದೆಗಳಿಗೆ ಹತ್ತಿತು, ಕೋಟೆ ಮಾತ್ರ ಭದ್ರವಾಯಿತು. ಕಿಟಕಿಯಿಂದ ನೋಡಿದರೆ, ಮುದುಕ ಇನ್ನೂ ಅಲ್ಲೇ ನಿಂತಿದ್ದ, ತುಟಿ ಮಾತ್ರ ನಿಂತಿತ್ತು. ಕಂಡಿಯತ್ತ ಒಮ್ಮೆ ಮುಖವೆತ್ತಿ ನೋಡಿ ಇಳಿಜಾರಿನ ದಾರಿ ಹಿಡಿದ. ಆಮೇಲೆ ಬರಲಿಲ್ಲ.

ಕ್ರಿಸ್‌ಮಸ್ ಕಳೆದು ಇನ್ನೊಬ್ಬ ಬಂದ. ದಪ್ಪ ಮನುಷ್ಯ, ಟೈ ಇಲ್ಲ, ಕೊರಳಲ್ಲಿ ಊರಿನ ತಂಡದ ಮಫ್ಲರು. ಬಂದವನೇ ತುಂಬಿದ ಪೈಂಟ್ ಕೇಳಿದ, ಅರ್ನಾಲ್ಡ್‌ಗೂ ಒಂದು ಕೊಡಿಸಿದ, ಕಣ್ಣನ್ನು ಚೆಂಡಿನಿಂದ ಕೀಳಲಿಲ್ಲ, ರೆಫರಿಯ ಅಮ್ಮ ಅಜ್ಜಿಯರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡ. "ದೊಕಾರೀ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಲು ಕಲಿತ. ಬೆರಿಲ್‌ಗೆ ಅವನು ಎಷ್ಟು ಹಿಡಿಸಿದನೆಂದರೆ, ಚೀಸ್ ಈರುಳ್ಳಿ ಪೈ ಒಂದನ್ನು ಬಿಟ್ಟಿಯಾಗಿಯೇ ಕೊಟ್ಟಳು.

"ನಿಮ್ಮ ಪೈ ತಿಂದ್ರೆ ನಮ್ಮಮ್ಮ ನೆನಪಾಗ್ತಾಳೆ," ಎಂದು ಅವನು ಬೆರಳು ನೆಕ್ಕಿದ.

ಹತ್ತು ದಿನದೊಳಗೆ ಕೋರ್ಟಿನ ಸಮನ್ಸ್ ಬಂತು. ಜೊತೆಗೆ ಇಬ್ಬರು ಬಂದು ಡಬ್ಬಿ ಬಿಚ್ಚಿ ಒಯ್ದರು. ಗೂಢಚಾರ ಅವನೇ. ಪೈ ಚೆನ್ನಾಗಿತ್ತೆಂದು ಸಾಕ್ಷಿಯಲ್ಲಿ ಬರೆದಿರಲಿಲ್ಲ.

ಪಬ್ಬಿನಲ್ಲಿ ಮೂಗಿನ ಮಾತು ಯಾರೂ ಎತ್ತಲಿಲ್ಲ. ಅದೇ ಬೆರಿಲ್‌ಗೆ ಹೆಚ್ಚು ಚುಚ್ಚಿತು. "ಹಾಗಾದ್ರೆ ಆ ಟೈ ಮುದುಕ ಯಾರು?" ಎಂದು ಅರ್ನಾಲ್ಡ್‌ನನ್ನು ಕೇಳಿದಳು. "ಯಾವನೋ ಯಾರ್ಕ್‌ಶೈರ್‌ನವನು ಬಿಡು," ಎಂದು ಅರ್ನಾಲ್ಡ್ ಗ್ಲಾಸಿನೊಳಗೆ ನೋಡಿದ.

ಉತ್ತರ ತಂದವಳು ಬೆರಿಲ್‌ಳ ತಮ್ಮನ ಮಗಳು ಗೇನರ್. ಅವಳು ಆಸ್ಪತ್ರೆಯಲ್ಲಿ ನರ್ಸು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಬಾರಿನ ಮೇಲೆ ಮೊಣಕೈ ಊರಿದಳು.

"ಅತ್ತೆ, ನಮ್ಮ ವಾರ್ಡಿಗೆ ಒಬ್ಬ ತಾತ ಬಂದಿದಾನೆ. ಪಾರ್ಶ್ವವಾಯು. ಲೆಫ್ಟೆರಿಸ್ ಅಂತ ಹೆಸರು. ಕೆಳಗಿನ ಬೀದಿಯ ಚಪ್ಪಲಿ ಕಾರ್ಖಾನೇಲಿ ಜೀವಮಾನ ಎಲ್ಲ ಚರ್ಮ ಕೊಯ್ದವನಂತೆ, ಯಾರ ಜೊತೆಗೂ ಬೆರೆತವನಲ್ಲವಂತೆ. ಹೆಂಡತಿ ಇಲ್ಲಿಯವಳು, ತೀರ್ಕೊಂಡಿದಾಳೆ. ಇಂಗ್ಲಿಷ್ ಪೂರ್ತಿ ಹೊರಟುಹೋಗಿದೆ ಪಾಪ, ಬರೋದು ಅವನೂರಿನ ಭಾಷೆ ಒಂದೇ. ಒಬ್ರಿಗೂ ಅರ್ಥ ಆಗಲ್ಲ."

"ನನಗ್ಯಾಕೆ ಹೇಳ್ತೀಯಾ ಚಿನ್ನ?"

"ನಿನ್ನೆ ನನ್ನ ಕೈಯಿಂದ ಬಟ್ಟಲು ಬಿತ್ತು. ಅವನು 'ಪೊ ಪೊ ಪೊ' ಅಂದ. ನಿಮ್ಮ ಟೀವಿಯವನ ಥರಾನೇ."

ಬೆರಿಲ್ ನಲ್ಲಿ ನಿಲ್ಲಿಸುವುದನ್ನು ಮರೆತಳು. ಬಿಯರ್ ಗ್ಲಾಸು ತುಂಬಿ, ಕೈ ಮೇಲೆ ಹರಿದು, ನೆಲಕ್ಕೆ ಸುರಿಯಿತು.

"ಬೂದು ಕೋಟಾ?" ಎಂದಳು.

"ಮಂಚದ ಪಕ್ಕ ನೇತುಹಾಕಿದಾರೆ. ಟೈ ಕೂಡ."

ಶನಿವಾರ ಮಧ್ಯಾಹ್ನ ಬೆರಿಲ್ ಹೆರಾಲ್ಡ್‌ಗೆ ಕೊಟ್ಟ ಮಾತನ್ನು ಮೊದಲ ಸಲ ಮುರಿದಳು. ಪಬ್ಬಿಗೆ ಬೀಗ ಹಾಕಿ, ಬಟ್ಟೆಯಲ್ಲಿ ಪೈ ಸುತ್ತಿಕೊಂಡು ಬಸ್ಸು ಹತ್ತಿದಳು. ಅವನಿಗೆ ಒಂದೇ ಒಂದು ಆಟವನ್ನು ಅವನ ಭಾಷೆಯಲ್ಲಿ ಕೇಳಿಸಬಹುದಾಗಿದ್ದ ಡಬ್ಬಿ ಈಗ ಯಾವುದೋ ಕಚೇರಿಯ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ಕೂತಿತ್ತು. ಅವಳ ಬಳಿ ಉಳಿದದ್ದು ಪೈ ಮಾತ್ರ.

ಲೆಫ್ಟೆರಿಸ್‌ನ ಬಲಭಾಗ ಬಿದ್ದುಹೋಗಿತ್ತು. ಅವಳನ್ನು ಕಂಡೊಡನೆ ಕಣ್ಣು ಗುರುತು ಹಿಡಿಯಿತು. ಬೆರಿಲ್ ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಕ್ಷಮೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ಸೌಜನ್ಯದಿಂದ ಕೇಳಿದ, ಒಂದೂ ಒಳಗೆ ಹೋಗಲಿಲ್ಲ. ಆಮೇಲೆ ಅವನು ಮಾತಾಡಿದ, ಉದ್ದಕ್ಕೆ, ನಿಧಾನಕ್ಕೆ. ಗಿರಣಿಯ ಗದ್ದಲದಾಚೆ ನಿಂತ ಹೆಂಗಸಿನ ಗಂಡ ಏಕೆ ಮುನಿಸಿಕೊಂಡ ಎಂದು ಓದಬಲ್ಲವಳು, ಒಂದಡಿ ದೂರದ ಆ ತುಟಿಯ ಮುಂದೆ ಶಾಲೆಯ ಮೊದಲ ದಿನದ ಮಗುವಿನಂತೆ ಕೂತಳು.

ಅಷ್ಟರಲ್ಲಿ ಚಹಾದ ಗಾಡಿ ಬಂತು. ತಿರುವಿನಲ್ಲಿ ತಪ್ಪಿ ಬಾಗಿಲ ಚೌಕಟ್ಟಿಗೆ ದಡ್ ಎಂದು ಬಡಿದು ಹಿಂದಕ್ಕೆ ಸರಿಯಿತು.

"ದೊಕಾರೀ!" ಎಂದು ಬೆರಿಲ್ ತನಗರಿವಿಲ್ಲದೆ ಕೂಗಿ, ತಲೆ ಮೇಲೆ ಕೈ ಹೊತ್ತಳು.

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಲೆಫ್ಟೆರಿಸ್‌ನ ಬಾಯಿಯ ಅರ್ಧ ಭಾಗ ಮೊದಲು ನಡುಗಿತು, ಆಮೇಲೆ ನಕ್ಕಿತು. ಬೆರಿಲ್ ಅಷ್ಟಕ್ಕೆ ನಿಲ್ಲುವವಳೇ? ಚಹಾದವಳು ಗಾಡಿ ತಿರುಗಿಸುವುದನ್ನು, ಪಕ್ಕದ ಮಂಚದವನ ಬಿಸ್ಕತ್ತು ಜಾರುವುದನ್ನು, ಗೇನರ್ ಅದನ್ನು ಹಿಡಿಯುವುದನ್ನು, ತನಗೆ ಗೊತ್ತಿದ್ದ ಎರಡು ಪದ ಮತ್ತು ಗೊತ್ತಿಲ್ಲದ ಮಿಕ್ಕೆಲ್ಲ ಸದ್ದಿನಲ್ಲಿ, ಅಥೆನ್ಸಿನ ಆ ನೆಂಟನ ಧಾಟಿಯಲ್ಲೇ ವಿವರಿಸಿಬಿಟ್ಟಳು. ಗ್ರೀಕ್ ಭಾಷೆಗೆ ಅಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಮುದುಕ ಕಣ್ಣು ಮುಚ್ಚಿಕೊಂಡು ಕೇಳಿದ, ಆ ಮೊದಲ ಶನಿವಾರದಂತೆ.

ಅವಳು ಉಸಿರಿಗೆ ನಿಂತಾಗ ಅವನು ಎಡಗೈ ಎತ್ತಿದ. ಮೊದಲು ತನ್ನ ಎದೆ ಮುಟ್ಟಿಕೊಂಡ. ಎರಡು ಬೆರಳನ್ನು ಕಾಲು ಮಾಡಿ ಹೊದಿಕೆಯ ಮೇಲೆ ನಡೆಸುತ್ತ ಬೆರಿಲ್‌ಳ ಕಡೆಗೆ ತಂದ. ಅವಳ ಮಣಿಕಟ್ಟಿಗೆ ಆ ಬೆರಳು ಬಡಿದವು, ಸಿಡಿದು ಹಿಂದಕ್ಕೆ ಹೋದವು.

ಅವನ ತುಟಿ ಆಡಿತು. ಸದ್ದು ಬರುವ ಮೊದಲೇ ಬೆರಿಲ್ ಓದಿದಳು.

"ದೊಕಾರಿ," ಎಂದ ಲೆಫ್ಟೆರಿಸ್, ತಮಾಷೆಯಾಗಿಯೇ.

ಬೆರಿಲ್ ನಗಲು ಹೋದಳು. ಅವನ ಮುಂದೆ ನಕ್ಕಳು ಕೂಡ. ಆಮೇಲೆ ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಂದು ಹೋಯಿತು, ಇನ್ನೊಂದೂ ಬಂದು ಹೋಯಿತು, ಅವಳು ಹತ್ತಲಿಲ್ಲ.

ಮುಂದಿನ ಶನಿವಾರಗಳಲ್ಲಿ ಅರ್ನಾಲ್ಡ್ ಕೂಡ ಜೊತೆಗೆ ಹೋದ. ಅವನ "ಪೊ ಪೊ ಪೊ" ಕೇಳಲಾಗದೆ ನರ್ಸುಗಳು ಪರದೆ ಎಳೆಯುತ್ತಿದ್ದರು. ಲೆಫ್ಟೆರಿಸ್ ಅವರ ಉಚ್ಚಾರ ತಿದ್ದುತ್ತಿದ್ದ, ಬಹಳ ತಾಳ್ಮೆಯಿಂದ, ಬರಬರುತ್ತ ಬಹಳ ಮೆಲ್ಲಗೆ. ಮಾರ್ಚ್ ತಿಂಗಳಲ್ಲಿ, ಒಂದು ಗುರುವಾರ, ಅವನು ತೀರಿಕೊಂಡ. ಶನಿವಾರಕ್ಕೆ ಕಾಯಲಿಲ್ಲ.

ಕೋರ್ಟಿನಲ್ಲಿ ಬೆರಿಲ್ ವಾದ ಮಾಡಲಿಲ್ಲ. "ತಪ್ಪೊಪ್ಪಿಕೊಳ್ತೀರಾ?" ಎಂದು ಕೇಳಿದಾಗ, "ಹೂಂ, ಆದ್ರೆ ನೀವು ಕೇಳ್ತಿರೋ ತಪ್ಪಲ್ಲ ಸ್ವಾಮಿ," ಎಂದುಬಿಟ್ಟಳು. ನ್ಯಾಯಾಧೀಶರು ವಿವರ ಕೇಳಲಿಲ್ಲ. ಬಿಯರ್ ಕಂಪನಿಯವರು ನುಡಿದಂತೆ ನಡೆದರು.

ಪಬ್ ಖಾಲಿ ಮಾಡುವ ದಿನ ಅರ್ನಾಲ್ಡ್ ಕುರ್ಚಿಗಳನ್ನು ಲಾರಿಗೆ ಹೊರುತ್ತಿದ್ದ. ಬೆರಿಲ್ ಅಡುಗೆಮನೆಯ ಸ್ಟೂಲ್ ಹತ್ತಿ ಹೊಗೆಕಂಡಿಯಿಂದ ಟವೆಲನ್ನು ಎಳೆದಳು. ಮಸಿ, ಜಿಡ್ಡು, ಒಂದು ಚಳಿಗಾಲದ ಪೈಗಳ ಹೊಗೆ.

"ಅದನ್ನ ಎಸೆದ್ಬಿಡು ಯಜಮಾನ್ತಿ. ಇನ್ನೇನಕ್ಕೆ ಬರುತ್ತೆ?"

ಬೆರಿಲ್ ಸ್ಟೂಲಿನಿಂದ ಇಳಿದಳು. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು, ಸೋಪು ಹಚ್ಚಿ, ನೀರು ತಿಳಿಯಾಗುವವರೆಗೆ ಅದನ್ನು ಒಗೆದಳು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಅವಳ ಕಿವಿ ಅರ್ಧವಾದ್ದರಿಂದ, ಇಲ್ಲವೇ ಬೇರೆ ಕಾರಣಕ್ಕೆ, ಅದು ಅವಳಿಗೆ ಕೇಳಿಸಲಿಲ್ಲ.