ಇನ್ಸ್‌ಪೆಕ್ಟರ ಗಂಟಲು ಕಟ್ಟಿದ ದಿನ

ಮದ್ದೂರಿನ ನರಸಿಂಹಸ್ವಾಮಿಯನ್ನು ನಂಬಿದ ಬಂಧುಗಳೇ, ನಾನು ಹಲಗೂರಿನ ಹತ್ತಿರದ ಹಳ್ಳಿಯೊಂದರ ಶಾಲೆಯ ಹೆಡ್‌ಮೇಷ್ಟ್ರು. ನಮ್ಮ ಶಾಲೆಯ ಹುಡುಗಿ ಪುಟ್ಟತಾಯಿಗೆ ಕಿವಿ ಕೇಳದು ಎಂಬ ಸಂಗತಿಯನ್ನು ಎರಡು ವರ್ಷ ಇಲಾಖೆಗೆ ತಿಳಿಸದೆ ಮುಚ್ಚಿಟ್ಟಿದ್ದೆ. ತಿಳಿಸಿದರೆ ಅವಳ ಹೆಸರು ಹೊಡೆದುಹಾಕುತ್ತಾರೆಂಬ ಭಯ.

ಹುಡುಗಿ ನನ್ನ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಮೀಸೆ ಅಡ್ಡ ಬರುತ್ತದೆಂದು ತಿಳಿದ ದಿನವೇ ಬೋಳಿಸಿಬಿಟ್ಟೆ. ನಮ್ಮಲ್ಲಿ ಹೆತ್ತವರು ತೀರಿಕೊಂಡಾಗ ಮಾತ್ರ ಮೀಸೆ ತೆಗೆಯುವುದು. ಇಬ್ಬರು ನೆಂಟರು ಅಳುತ್ತಲೇ ಬಂದರು. ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ ನಮ್ಮಪ್ಪ, “ನಾನಿನ್ನೂ ಬದುಕಿವ್ನಿ ಕಣ್ಲಾ, ನಿಂಗೇನ್ಲಾ ಬಂದಿತ್ತು?” ಎಂದು ರೇಗಿದರು. ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಓಡುತ್ತಿದ್ದವು. ಮಾಘದಲ್ಲಿ ಶಾಲಾ ಇನ್ಸ್‌ಪೆಕ್ಟರು ಪರೀಕ್ಷೆಗೆ ಬರುತ್ತಾರೆಂದು ಕಾಗದ ಬಂತು. ಉಕ್ತಲೇಖನ ಅವರೇ ಓದಿ ಬರೆಸುವುದು ವಾಡಿಕೆ. ಅವರ ಮೀಸೆಯೋ, ಎರಡು ತುಟಿಯನ್ನೂ ಮುಚ್ಚುವಂಥದ್ದು. ಬೋಳಿಸಿಕೊಳ್ಳಿ ಎನ್ನಲು ನನಗೇನು ಹುಚ್ಚೇ? ಹುಡುಗಿಯ ಅಪ್ಪ ಬೇರೆ ಬಂದು, “ಈ ಸಲ ನಪಾಸಾದ್ರೆ ಬುಡಿಸ್ಬುಡ್ತೀನಿ ಮೇಷ್ಟ್ರೇ, ಗಂಡು ನೋಡಿವ್ನಿ” ಎಂದ. ಅವಳಿಗೆ ಹತ್ತು ವರ್ಷ.

ಮರುದಿನವೇ ಬಸ್ಸು ಹತ್ತಿ ಮದ್ದೂರಿಗೆ ಹೋಗಿ ನರಸಿಂಹಸ್ವಾಮಿಯ ಎದುರು ನಿಂತೆ. ಅವಳಿಗೆ ಕಿವಿ ಕೊಡು ಎಂದು ಎರಡು ವರ್ಷ ಬೇಡಿದ್ದೆ, ಕೊಟ್ಟಿರಲಿಲ್ಲ. ಅಂದು ಏನನ್ನೂ ಬೇಡಲಿಲ್ಲ. ನೀನೇ ನೋಡಿಕೋ ಎಂದು ಬಂದೆ.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಮಂಡ್ಯದಿಂದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಬಂದಿಳಿದರು. ಸಿಕ್ಕಿದ್ದು ಇದ್ದಿಲ ಒಲೆಗೆ ಹತ್ತಿರದ ಹಿಂದಿನ ಸೀಟು, ದಾರಿಯುದ್ದಕ್ಕೂ ಹೊಗೆ. ಪುಸ್ತಕ ತೆರೆದು ಬಾಯಿ ಬಿಟ್ಟರೆ ಬರೀ ಗೊರಗೊರ. ಬಿಸಿನೀರು ಕುಡಿದರೂ ದನಿ ಏಳಲಿಲ್ಲ. ಕೊನೆಗೆ ಪುಸ್ತಕವನ್ನು ನನ್ನ ಕೈಗಿಟ್ಟು, ನೀವೇ ಓದಿ ಎಂದು ಸನ್ನೆ ಮಾಡಿದರು. ಅವಳಿಗೆ ಮುಖ ಕಾಣುವಂತೆ ನಿಂತು ಓದಿದೆ. ಪುಟ್ಟತಾಯಿ ನನ್ನ ಬಾಯಿಯನ್ನೇ ನೋಡುತ್ತ ಬರೆದಳು. ಎರಡೇ ತಪ್ಪು.

ಮೆಚ್ಚಿದ ಇನ್ಸ್‌ಪೆಕ್ಟರು ಪಿಸುದನಿಯಲ್ಲಿ ಅವಳ ಹೆಸರು ಕೇಳಿದರು. ಅವಳು ಅವರ ಮುಖ ನೋಡುತ್ತ ನಿಂತುಬಿಟ್ಟಳು. ಇನ್ನು ಮುಚ್ಚಿಡಲಾರೆನೆಂದು ಕೈಮುಗಿದು ಎಲ್ಲ ಹೇಳಿಬಿಟ್ಟೆ. ಅವರು ಅವಳ ಉಕ್ತಲೇಖನವನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಬಳಪ ತೆಗೆದುಕೊಂಡು ಅವಳ ಸ್ಲೇಟಿನ ಮೇಲೆ ‘ನಿನ್ನ ಹೆಸರೇನಮ್ಮ?’ ಎಂದು ಬರೆದರು. ಅವಳು ಕೆಳಗೆ ಬರೆದುಕೊಟ್ಟಳು. ಅದನ್ನೇ ನೋಡಿ ಪಟ್ಟಿಯಲ್ಲಿ ‘ಪಾಸು’ ಎಂದು ಗುರುತು ಹಾಕಿದರು. ಅವಳಪ್ಪ ಗಂಡಿನ ಮಾತೇ ಬಿಟ್ಟ.

ಹೊಗೆಯಿಂದ ಗಂಟಲು ಕಟ್ಟಿತು ಎನ್ನುವವರು ಎನ್ನಲಿ. ಅವರಿಗೆ ಅಂದೇ ಆ ಸೀಟು ಸಿಕ್ಕಿದ್ದು ಸ್ವಾಮಿಯ ಕೃಪೆ ಎಂದೇ ನಾನು ನಂಬಿದ್ದೇನೆ. ಮೊನ್ನೆ ಕೊಕ್ಕರೆ ಬೆಳ್ಳೂರಿನ ಕಡೆಯ ತಾಯಿಯೊಬ್ಬಳು ಕಣ್ಣು ಕಾಣದ ಮಗಳನ್ನು ಕರೆತಂದಳು. ಹೇಗೆ ಕಲಿಸಬೇಕೋ ನನಗೆ ತಿಳಿಯದು. ಸ್ವಾಮಿಗೆ ಕೈಮುಗಿದು ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡೆ.