ಬಚ್ಚಲ ಬಾಗಿಲ ಕ್ಯಾಪ್ಟನ್
ರಜೆಗೆಂದು ಶಿರಾಳಕೊಪ್ಪಕ್ಕೆ ಬಂದ ತೀರ್ಥೇಶನಿಗೆ ಯಾರಾದರೂ "ಏನ್ ಕ್ಯಾಪ್ಟನ್ರೇ" ಅಂದರೆ, "ಎಂಥಾ ಕ್ಯಾಪ್ಟನ್ ಗೀಪ್ಟನ್ ರೀ, ನಲವತ್ತು ಹಡಗಿನ ವಿದೇಶಿ ಕಂಪನೀಲಿ ಆಸಿಡ್ ಸಾಗಿಸೋ ಟ್ಯಾಂಕ್ ತೊಳೆಯೋನು ನಾನು" ಎಂದು ತಾನೇ ಮೊದಲು ನಗುತ್ತಾನೆ. ಇಪ್ಪತ್ತು ದೇಶ ಸುತ್ತಿದ್ದಾನೆ, ಕಂಡದ್ದು ಮಾತ್ರ ಟ್ಯಾಂಕಿನ ಒಳಗೋಡೆ. ಹೆಂಡತಿ ಶ್ರೀಲತಾ ತೊಳೆದಿಟ್ಟ ಕೊಡದೊಳಗೂ ಬಿಳಿ ಬಟ್ಟೆ ಆಡಿಸಿ, ಕಲೆ ಕಂಡರೆ ಮತ್ತೆ ತೊಳೆಯುತ್ತಾನೆ. ಹಡಗಿನಲ್ಲಿ ಒಬ್ಬ ಟ್ಯಾಂಕಿಗಿಳಿದರೆ ಒಳಗಿನ ವಿಷಗಾಳಿಯ ಭಯಕ್ಕೆ ಇನ್ನೊಬ್ಬ ಮೇಲೆ ನಿಂತು ಐದೈದು ನಿಮಿಷಕ್ಕೆ ಕೂಗಬೇಕು, ಒಳಗಿನವನು ಓಗೊಡಬೇಕು. ಹಾಗಾಗಿ ಅವಳು ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತು, ಓಣಿಗೆಲ್ಲ ಕೇಳುವಂತೆ, "ಲತಾ, ಅರಾಮಿದೀಯೇನೇ?" ಎನ್ನುತ್ತಾನೆ. ಪಕ್ಕದ ಮನೆಯವರು ಇಣುಕಿದರೆ, "ಬಚ್ಚಲು ಕಾಯೋಕೆ ಕಂಪನಿ ಕಳಿಸಿದೆ" ಎಂದು ಅವರನ್ನೂ ನಗಿಸುತ್ತಾನೆ. ಮೊನ್ನೆ ಅವಳು ಬೇಕೆಂದೇ ಓಗೊಡದೆ ಕೂತಳು. ಎರಡನೇ ಕೂಗಿಗೇ ಚಿಲಕ ಮುರಿದು ಒಳಬಂದವನ ಮುಖ ಬಿಳಿಚಿಕೊಂಡಿತ್ತು. "ಟ್ಯಾಂಕಿಗಿಳಿದ ಜೋಸೆಫನೂ ಹೀಗೇ ಸುಮ್ಮನಾಗಿದ್ದ ಕಣೇ. ಮೇಲೆ ನಿಂತಿದ್ದೋನು ನಾನೇ" ಎಂದಷ್ಟೇ ಅಂದ. ಆ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ಚಿಲಕ ಇನ್ನೂ ರಿಪೇರಿಯಾಗಿಲ್ಲ, ಓಣಿಯವರ ನಗುವೂ ನಿಂತಿಲ್ಲ. ಆದರೆ ಈಗ ಅವನು ಕೂಗುವ ಮೊದಲೇ ಒಳಗಿನಿಂದ ದನಿ ಬರುತ್ತದೆ: "ಇದೀನ್ರೀ."